ಬಾಯಲ್ಲಿ ಮರಿ ಹೊತ್ತ ತೇಡೆಯ ಕಥೆ

ಅಳಿವೆಯಮ್ಮನಿಗೆ ಕೈ ಮುಗಿದು, ದೀಪಕ್ಕೆ ಎಣ್ಣೆ ಹೊಯ್ದು, ಬತ್ತಿ ಸರಿಮಾಡಿ, ಸುತ್ತ ಕುಳಿತವರೆಲ್ಲ ಕೇಳಿರಿ. ಗಂಡಸರೂ ಕುಳಿತುಕೊಳ್ಳಿ. ಹೆಂಗಸರ ಕಥೆ ಎಂದು ಎದ್ದು ಹೋಗಬೇಡಿ. ಹಾಗೆ ಎದ್ದು ಹೋದವನೊಬ್ಬನ ಕಥೆಯೇ ಇದು.

ನದಿ ಬಂದು ಕಡಲಿಗೆ ಸೇರುವ ಅಳಿವೆಯ ಪಕ್ಕದಲ್ಲಿ, ತೆಂಕು ಕಡೆಗೆ ಬಂಡೆ, ಬಡಗು ಕಡೆಗೆ ಹೊಯ್ಗೆ ಮರಳಿನ ದಂಡೆ, ನಡುವೆ ನಲವತ್ತು ಮನೆಯ ಒಂದು ಕೇರಿ. ಆ ಕೇರಿಯವರಿಗೆ ಗದ್ದೆಯಿಲ್ಲ, ತೋಟವಿಲ್ಲ. ಕಡಲು ಕೊಟ್ಟರೆ ಉಣ್ಣುವುದು, ಕೊಡದಿದ್ದರೆ ಗಂಜಿ ತಿಳಿ ಕುಡಿದು ಮಲಗುವುದು. ಆ ಕೇರಿಯಲ್ಲಿ ಬಚ್ಚ ಎಂಬವನು ತಾಂಡೇಲನಾಗಿದ್ದನು. ತಾಂಡೇಲನೆಂದರೆ ದೋಣಿಗೂ ಬಲೆಗೂ ಹಿರಿಯಾಳು. ಅವನು ಹೇಳಿದಲ್ಲಿ ಬಲೆ ಬೀಳಬೇಕು, ಅವನು ಹೇಳಿದಾಗ ಹಗ್ಗ ಎಳೆಯಬೇಕು. ನೀರಿನ ಬಣ್ಣ ನೋಡಿ ಅಡಿಯಲ್ಲಿರುವುದು ಬಂಗಡೆಯೋ ಬೂತಾಯಿಯೋ ಎಂದು ಹೇಳುತ್ತಿದ್ದನು. ಹೇಳಿದ್ದು ತಪ್ಪುತ್ತಿರಲಿಲ್ಲ. ತಪ್ಪದ ಕಾರಣ ಅವನಿಗೆ ಬೇರೆಯವರ ಮಾತು ಬೇಕಾಗುತ್ತಿರಲಿಲ್ಲ. ಹೆಂಡತಿ ಅಕ್ಕಣಿಯ ಮಾತು ಮಾತ್ರ ಬೇಕಾಗುತ್ತಿತ್ತು. ಅವಳು ಮಾತಾಡುವುದು ಕಡಿಮೆ.

ಆ ಕೇರಿಯಲ್ಲಿ ಹಿಂದಿನಿಂದ ಅಳಿವೆಯಮ್ಮನ ಒಂದು ವ್ರತ ನಡೆದು ಬಂದಿತ್ತು. ಚೌತಿಯ ಮಾರನೆ ದಿನದಿಂದ ಮಹಾನವಮಿಯವರೆಗೆ ತೇಡೆ ಮೀನಿನ ಮೇಲೆ ಬಲೆ ಬೀಳಬಾರದು. ತೇಡೆ ಗೊತ್ತಲ್ಲ, ಮೈಮೇಲೆ ಹುರುಪೆಯಿಲ್ಲ, ಬಾಯಿಯ ಸುತ್ತ ಮೀಸೆ, ಬೆನ್ನಿಗೊಂದು ಪಕ್ಕೆಗೆರಡು ಮುಳ್ಳು. ಮುಳ್ಳು ತಾಗಿದರೆ ಗಂಡಸೂ ಅಳುತ್ತಾನೆ. ಮಳೆಗಾಲದ ಅಬ್ಬರ ಇಳಿದ ಮೇಲೆ ಅವು ಹಿಂಡು ಹಿಂಡಾಗಿ ನೀರಿನ ಮೇಲಕ್ಕೆ ಬಂದು ದಡದ ಹತ್ತಿರ ತೇಲುತ್ತವೆ. ಆಗ ಅವನ್ನು ಬಿಡಬೇಕು. ಮನೆಯಲ್ಲಿ ಒಬ್ಬರು ವ್ರತ ಹಿಡಿದು, ಎಲ್ಲರೂ ಉಂಡ ಮೇಲೆ ಒಂದೇ ಹೊತ್ತು ಉಂಡು, ಕೆಟ್ಟ ಮಾತು ಆಡದೆ ಆ ದಿನಗಳನ್ನು ಕಳೆಯಬೇಕು. ಅತ್ತೆ ಸೊಸೆಗೆ ಹೇಳಿ, ಸೊಸೆ ತನ್ನ ಸೊಸೆಗೆ ಹೇಳಿ ಬಂದ ವ್ರತದ ಮಾತು ಇಷ್ಟೇ. “ಮರಿ ಹೊತ್ತವರ ಮೇಲೆ ಬಲೆ ಬೀಳಬಾರದು.”

ಯಾಕೆ ಎಂದು ಯಾರೂ ಕೇಳಿರಲಿಲ್ಲ. ಆ ದಿನಗಳಲ್ಲಿ ತೇಡೆಯನ್ನು ಹಿಡಿದು ದಡಕ್ಕೆ ತರುತ್ತಿರಲಿಲ್ಲವಾದ್ದರಿಂದ ಅದು ಹೇಗಿರುತ್ತದೆ ಎಂದು ಹತ್ತಿರದಿಂದ ಕಂಡವರೂ ಇರಲಿಲ್ಲ. ಕಂಡವರು ಹೋಗಿ ಎಷ್ಟೋ ತಲೆಮಾರು ಆಗಿತ್ತು. ಮಾತು ಮಾತ್ರ ಉಳಿದಿತ್ತು.

ಅಕ್ಕಣಿ ಹನ್ನೊಂದು ವರ್ಷ ಆ ವ್ರತ ಹಿಡಿದಳು. ಹನ್ನೊಂದು ವರ್ಷ ಅವಳಿಗೆ ಮಕ್ಕಳಾಗಲಿಲ್ಲ. ಹನ್ನೆರಡನೆ ವರ್ಷ ಬಸುರಾಗಿ, ಗೌರಿ ಹಬ್ಬದ ಬೆಳಿಗ್ಗೆ ಹೆಣ್ಣು ಮಗುವನ್ನು ಹೆತ್ತಳು. ಹೆರಿಗೆ ಮಾಡಿಸಿದವಳು ಸೂಲಗಿತ್ತಿ ಪದ್ದಜ್ಜಿ. ಬಚ್ಚನನ್ನು ಭೂಮಿಗೆ ಇಳಿಸಿದ ಕೈಯೂ ಅವಳದೇ. ಮಗು ಅತ್ತಿತು. ಅಕ್ಕಣಿ ನಕ್ಕಳು. ಬಚ್ಚ ಹೊರಗೆ ಕುಳಿತು ಬಲೆಯ ಹರಿದ ಕಣ್ಣು ಕಟ್ಟುತ್ತ, ಕಟ್ಟಿದ್ದನ್ನೇ ಬಿಚ್ಚುತ್ತ ಇದ್ದನು.

ಮಾರನೆ ದಿನ ಚೌತಿ. ಮಧ್ಯಾಹ್ನಕ್ಕೆ ಅಕ್ಕಣಿಗೆ ಜ್ವರ ಏರಿತು. ಗಂಡನನ್ನು ಕರೆದಳು.

“ಹ್ವಾಯ್, ಇಲ್ಲಿ ಕಾಣಿ. ನಾಳೆಯಿಂದ ವ್ರತ. ನಂಗೆ ಈ ಸಲ ಆಪುದಲ್ಲ. ನೀವು ಹಿಡ್ಕಣಿ.”

“ಎಂತ ಮಾರಾಯ್ತಿ, ಗಂಡಸು ವ್ರತ ಹಿಡಿದದ್ದು ಎಲ್ಲಾದ್ರೂ ಕೇಳಿದ್ಯಾ? ಬಂಡೆ ಮೇಲೆ ಮೀನು ಕಾಯೂ ಸೂರನಿಗೆ ಗೊತ್ತಾದ್ರೆ ಅಲ್ಲಿಂದ್ಲೇ ಊರಿಗೆಲ್ಲ ಕೂಗ್ತಾನೆ. ನಂಗೆ ಬಳೆ ತೊಡಿಸು ಹಾಗಾದ್ರೆ.”

“ಬಳೆ ಬ್ಯಾಡ. ಈ ಕೂಸನ್ನ ಹಿಡ್ಕಣಿ, ಸಾಕು.”

ಅವಳು ಮಗುವನ್ನು ಎರಡೂ ಕೈಯಲ್ಲಿ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಅಷ್ಟು ಸಣ್ಣದನ್ನು ಹಿಡಿಯಲು ಹೆದರಿಕೆ. “ಮತ್ತೆ ಹಿಡೀತೆ, ನೀ ಮಲಗು” ಎಂದು ಹೇಳಿ, ನಗೆ ಮಾಡಿ, ಎದ್ದು ಹೊರಗೆ ಹೋದನು.

ಮತ್ತೆ ಎಂಬುದು ಬರಲಿಲ್ಲ. ಪಂಚಮಿಯ ಬೆಳಿಗ್ಗೆ ಅಕ್ಕಣಿ ಹೋದಳು.

ಹೇಗೆ ಹೋದಳು ಎಂದು ಬಚ್ಚನಿಗೆ ತಿಳಿಯಲಿಲ್ಲ. ನಿನ್ನೆ ಮಾತಾಡಿದವಳು. ಅವಳ ಗಂಜಿಯ ಬಟ್ಟಲು ಇನ್ನೂ ತೊಳೆದಿರಲಿಲ್ಲ. ಜನ ಬಂದರು, ಹೊತ್ತರು, ಸುಟ್ಟರು. ಅವನು ಎಲ್ಲದಕ್ಕೂ ಕೈ ಹಾಕಿದನು, ಏನನ್ನೂ ಕಾಣಲಿಲ್ಲ. ಸೂತಕದ ದಿನಗಳು ಮುಗಿದವು. ಮಗು ಎಲ್ಲಿದೆ ಎಂದು ಕೇಳಲಿಲ್ಲ. ಸೂರನ ಹೆಂಡತಿ ಬಾಣಂತಿಯಾಗಿದ್ದಳು, ತನ್ನ ಮಗುವಿನ ಜೊತೆಗೆ ಇದಕ್ಕೂ ಮೊಲೆ ಕೊಡುತ್ತಿದ್ದಳು. ಪದ್ದಜ್ಜಿ ಎತ್ತಿಕೊಂಡು ಬಂದು ತೋರಿಸಿದರೆ ಮುಖ ತಿರುಗಿಸಿದನು. ಹನ್ನೆರಡನೆ ದಿನಕ್ಕೆ ಇಡಬೇಕಾದ ಹೆಸರನ್ನೂ ಇಡಲಿಲ್ಲ.

ವ್ರತವನ್ನೂ ಹಿಡಿಯಲಿಲ್ಲ. ಒಂದು ದಿನ ಅಳಿವೆಯ ಬಂಡೆಯ ಮೇಲೆ ನಿಂತು ನೀರಿಗೆ ಹೇಳಿದನು, “ಹನ್ನೊಂದು ವರ್ಷ ಅವಳು ನಿಂಗೆ ಉಪವಾಸ ಕೂತ್ಳು. ನೀ ಅವಳನ್ನೇ ತಿಂದೆ. ಇನ್ನು ನಿಂಗೂ ನಂಗೂ ಎಂತದೂ ಇಲ್ಲ.” ಹೇಳಿ ಉಗುಳಿದನು. ಅಳಿವೆಯಮ್ಮ ಕೇಳಿಸಿಕೊಂಡಳೋ ಇಲ್ಲವೋ. ನೀರು ಇದ್ದ ಹಾಗೇ ಇತ್ತು.

ಅಕ್ಕಣಿ ಹೋದ ಹದಿನೈದನೆ ದಿನ ಬೆಳಿಗ್ಗೆ ಸೂರನು ಬಂಡೆ ಹತ್ತಿ ಕಡಲು ನೋಡುತ್ತಿದ್ದನು. ಮೀನು ಕಂಡರೆ ಕೂಗಿ ಬಟ್ಟೆ ಬೀಸುವುದು ಅವನ ಕೆಲಸ. ಬೀಸಿದನು. ಬೀಸಿದ ಕೈಯನ್ನು ಅರ್ಧದಲ್ಲೇ ಇಳಿಸಿದನು. ಕೆಳಗಿನಿಂದ ಜನ ಕೂಗಿದರು, “ಎಂತ ಆಯ್ತಾ, ಕೈ ಹಿಡಕಂಡ್ತಾ?”

“ತೇಡೆ ಮಾರಾಯ್ರೆ. ಬಿಡಿ, ವ್ರತದ ತಿಂಗಳು.”

ಎಲ್ಲರೂ ಎದ್ದು ನಿಂತು ಕಂಡರು. ದಡಕ್ಕೆ ಇಷ್ಟು ಹತ್ತಿರ, ಅಷ್ಟು ದೊಡ್ಡ ಹಿಂಡನ್ನು ಯಾರೂ ಕಂಡಿರಲಿಲ್ಲ. ನೀರು ತುಕ್ಕಿನ ಬಣ್ಣಕ್ಕೆ ತಿರುಗಿ, ಬೆನ್ನಿಗೆ ಬೆನ್ನು ತಾಗಿ, ಮೀನುಗಳು ಮೆಲ್ಲಗೆ, ಬಹಳ ಮೆಲ್ಲಗೆ, ಕಾಯಿಲೆಯವರು ನಡೆದ ಹಾಗೆ ಚಲಿಸುತ್ತಿದ್ದವು. ಒಂದೂ ಹಾರಲಿಲ್ಲ. ಒಂದೂ ಬಾಯಿ ತೆರೆಯಲಿಲ್ಲ.

ಬಚ್ಚನು ಎದ್ದು, ಬೀಸುಬಲೆ ಹೆಗಲಿಗೆ ಹಾಕಿ, ಸೊಂಟದ ನೀರಿಗೆ ಇಳಿದು, ಒಂದು ಬೀಸು ಬೀಸಿ ಮೂರು ತೇಡೆಯನ್ನು ತಂದನು. ಬಲೆ ಬಿಗಿಯುವಾಗ ನೀರಿನಲ್ಲಿ ಹಳದಿಯಾಗಿ ಏನೋ ಉದುರಿ ಮುಳುಗಿತು. ಅವನು ನೊರೆ ಎಂದು ತಿಳಿದನು. ಹೊಯ್ಗೆಯ ಮೇಲೆ ಕುಳಿತು, ಕತ್ತಿ ತೆಗೆದು, ಮೂರರ ಹೊಟ್ಟೆಯನ್ನೂ ಸೀಳಿ ಎಲ್ಲರಿಗೂ ತೋರಿಸಿದನು.

“ಕಾಣಿ. ಮರಿ ಹೊತ್ತವರು ಅಂತ ಅಲ್ದಾ ಮಾತು? ಇದ್ರಲ್ಲಿ ಎಂತ ಉಂಟು? ಮೂರೂ ಗಂಡು. ಮೊಟ್ಟೆ ಇಲ್ಲ, ಮರಿ ಇಲ್ಲ. ಕರುಳು ದಾರದ ಹಾಗೆ ಆಯಿದು.”

ಹೊಟ್ಟೆ ನಿಜವಾಗಿಯೂ ಖಾಲಿ. ಒಂದು ಸಿಗಡಿಯ ಕಾಲೂ ಇರಲಿಲ್ಲ. ಸೂರನು ಬಗ್ಗಿ ನೋಡಿ ಹೇಳಿದನು, “ಪಾಪ, ಇವೂ ನಮ್ಮ ಹಾಗೇ. ಬೆಳಿಗ್ಗೆ ಗಂಜಿ ಸಿಕ್ಕಲಿಲ್ಲ.” ಎಲ್ಲರೂ ನಕ್ಕರು. ನಕ್ಕ ಮೇಲೆ ಹೆದರಿಕೆ ಹೋಯಿತು. ತಾಂಡೇಲ ತಪ್ಪಿದವನಲ್ಲ. ಹೊಟ್ಟೆಯನ್ನೇ ಸೀಳಿ ತೋರಿಸಿದ್ದಾನೆ. ಹೊರುವವಳು ಹೆಣ್ಣು, ಹೊರುವುದು ಹೊಟ್ಟೆಯಲ್ಲಿ. ಇದು ಗಂಡು, ಹೊಟ್ಟೆ ಖಾಲಿ. ವ್ರತ ಮುರಿದ ಹಾಗೆ ಹೇಗಾಗುತ್ತದೆ?

ಹೀಗೆ ಲೆಕ್ಕ ಹಾಕಿ, ರಂಪಣಿ ಬಲೆಯನ್ನು ದೋಣಿಗೆ ಏರಿಸಿ, ಹಿಂಡಿನ ಸುತ್ತ ಸುತ್ತಿ, ಎರಡೂ ಹಗ್ಗವನ್ನು ದಡಕ್ಕೆ ತಂದು, ಕೇರಿಗೆ ಕೇರಿಯೇ ಸಾಲು ನಿಂತು ಎಳೆದರು. ಹೆಂಗಸರೂ ಎಳೆದರು, ಮುದುಕರೂ ಎಳೆದರು. ಮೀನುಗಳು ಒದ್ದಾಡಲಿಲ್ಲ. ಬಂಗಡೆಯಾದರೆ ಬಲೆಯೊಳಗೆ ನೀರನ್ನು ಕುದಿಸುತ್ತದೆ. ಇವು ಸುಮ್ಮನೆ ಒಂದಕ್ಕೊಂದು ಒತ್ತಿಕೊಂಡು ಬಂದವು. ಬಚ್ಚನಿಗೆ ಆಗಲೇ ಒಂದು ಕ್ಷಣ ಏನೋ ಅನಿಸಿತು. ಏನು ಎಂದು ತಿಳಿಯುವ ಮೊದಲೇ ಬಲೆ ದಡಕ್ಕೆ ಬಂದಿತ್ತು.

ಹೊಯ್ಗೆಯ ಮೇಲೆ ಬೆಟ್ಟದ ಹಾಗೆ ತೇಡೆ ಬಿತ್ತು. ಜನ ಕೂಗಿದರು, ಕುಣಿದರು. ಮುಳ್ಳು ಮುರಿಯುವ ಕೋಲು ಹಿಡಿದು ಓಡಿ ಬಂದರು. ಸೂರನ ಹೆಂಡತಿ ಒಂದು ಮೀನಿನ ಬಳಿ ಬಗ್ಗಿ ಕೋಲು ಎತ್ತಿದಳು.

ಮೀನು ಬಾಯಿ ತೆರೆಯಿತು.

ಬಾಯಿಂದ ಒಂದು ಹಳದಿ ಗುಂಡು ಹೊರಗೆ ಉರುಳಿತು. ಗಜ್ಜುಗದಷ್ಟು ದೊಡ್ಡದು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು. ನಿಲ್ಲಲಿಲ್ಲ. ಅವಳು ಕೋಲು ಹಿಡಿದ ಕೈಯನ್ನು ಮೇಲೆಯೇ ಇಟ್ಟು ನಿಂತಳು. ಆಗ ಪಕ್ಕದ ಮೀನು ತೆರೆಯಿತು. ಅದರ ಪಕ್ಕದ್ದು ತೆರೆಯಿತು. ಉಸಿರು ಸಿಗದೆ ಒಂದೊಂದಾಗಿ ಬಾಯಿ ತೆರೆದವು. ದಂಡೆಯ ಈ ತುದಿಯಿಂದ ಆ ತುದಿಗೆ ಹಳದಿ ಗುಂಡುಗಳು ಉರುಳಿ, ಕಾಲಿನ ಬೆರಳ ಸಂದಿಗೆ ಬಂದು, ಜನ ಕಾಲು ಎತ್ತಿದರೆ ಇಡಲು ಜಾಗವಿಲ್ಲದೆ, ಇಟ್ಟರೆ ಕಾಲಡಿಯಲ್ಲಿ ಒಡೆದವು.

ಬಚ್ಚನು ಒಂದನ್ನು ಎತ್ತಿ ಅಂಗೈಯಲ್ಲಿ ಇಟ್ಟು ಬಿಸಿಲಿಗೆ ಹಿಡಿದನು. ತೆಳು ಪೊರೆ. ಒಳಗೆ ಎರಡು ಕಪ್ಪು ಚುಕ್ಕಿ. ಚುಕ್ಕಿ ಅಲ್ಲ, ಕಣ್ಣು. ಕಣ್ಣಿನ ಹಿಂದೆ ಬೆನ್ನು, ಬೆನ್ನಿನ ಹಿಂದೆ ಬಾಲ. ಬಾಲ ಹೊರಳಿತು. ಅದು ಅವನನ್ನು ನೋಡಿತು.

ಅವನ ಕೈ ಅಲ್ಲಿಯೇ ನಿಂತಿತು. ಹೊಟ್ಟೆ ಯಾಕೆ ಖಾಲಿ ಇತ್ತು ಎಂದು ಆಗ ತಿಳಿಯಿತು. ನುಂಗಿದರೆ ಮರಿಯನ್ನೇ ನುಂಗಬೇಕು, ಅದಕ್ಕೆ ಅವು ನುಂಗಲಿಲ್ಲ. ಹೆಣ್ಣು ಮೊಟ್ಟೆಯಿಟ್ಟು ಹೋಗಿದ್ದಾಳೆ. ಗಂಡು ಅದನ್ನು ಬಾಯಲ್ಲಿ ಎತ್ತಿಕೊಂಡು, ಬಾಯಿ ಮುಚ್ಚಿ, ಹಸಿದು, ಕರುಳು ದಾರವಾಗುವವರೆಗೆ ಹಸಿದು, ಮೆಲ್ಲಗೆ ತೇಲುತ್ತ ಹೊತ್ತುಕೊಂಡು ತಿರುಗುತ್ತಿದ್ದಾನೆ. ಇವನು ಹೊಟ್ಟೆ ಸೀಳಿ ನೋಡಿದ. ಬಾಯಿ ನೋಡಲಿಲ್ಲ.

“ನೀರಿಗೆ ಹಾಕಿ!” ಎಂದು ಯಾರೋ ಕೂಗಿದರು. ಆಗ ಕೇರಿ ಎಚ್ಚೆತ್ತಿತು. ಸೆರಗಿನಲ್ಲಿ ತುಂಬಿ, ಬುಟ್ಟಿಯಲ್ಲಿ ತುಂಬಿ, ಬೊಗಸೆಯಲ್ಲಿ ತುಂಬಿ, ಓಡಿ ಓಡಿ ಕಡಲಿಗೆ ಸುರಿದರು. ಕಡಲು ಅವನ್ನು ಅಲೆಯಲ್ಲಿ ಎತ್ತಿ ಮತ್ತೆ ದಡಕ್ಕೇ ತಂದು ಹಾಕಿತು. ಮುಳುಗಿದ್ದನ್ನು ಬೇರೆ ಮೀನುಗಳು ಬಂದು ತಿಂದವು. ಮೇಲಿದ್ದನ್ನು ಕಾಗೆ, ಹದ್ದು, ಕಡಲಹಕ್ಕಿ ಬಂದು ತಿಂದವು. ಹೊಯ್ಗೆಯ ತೂತುಗಳಿಂದ ಏಡಿಗಳು ಎದ್ದು ಬಂದು ಒಂದೊಂದನ್ನೂ ಹಿಡಿದುಕೊಂಡು ಹೋದವು. ಹೊರುವ ಬಾಯಿ ಇಲ್ಲದ ಮೇಲೆ ಅವು ಬರೀ ತಿನಿಸು. ಸತ್ತ ಮೀನಿನ ಬಾಯಿಗೆ ಮೊಟ್ಟೆಯನ್ನು ಮತ್ತೆ ತುಂಬಲು ಸೂರನು ನೋಡಿದನು. ಬೆಳಿಗ್ಗೆ ನಗಿಸಿದವನು. ತುಂಬಿದ್ದು ಮತ್ತೆ ಉರುಳುತ್ತಿತ್ತು, ಅವನು ಮತ್ತೆ ತುಂಬುತ್ತಿದ್ದನು. ಯಾರೋ ಅವನ ತೋಳು ಹಿಡಿದು ಎಬ್ಬಿಸಿ ಕರೆದುಕೊಂಡು ಹೋದರು.

ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಒಂದು ಮೀನನ್ನೂ ಯಾರೂ ಮನೆಗೆ ಒಯ್ಯಲಿಲ್ಲ. ಬಚ್ಚ ಒಬ್ಬನು ನಿಂತನು.

ನಿಂತು ನೋಡುವಾಗ, ಬಲೆಯ ಅಂಚಿನಲ್ಲಿ, ಅಲೆಯ ನೀರು ಆಗಾಗ ಬಂದು ತಾಗುವಲ್ಲಿ ಒಂದು ತೇಡೆ ಬಿದ್ದಿತ್ತು. ಕಿವಿರು ಏಳುತ್ತ ಬೀಳುತ್ತ ಇತ್ತು. ಬಾಯಿ ಮುಚ್ಚಿತ್ತು. ಅಷ್ಟು ಸಾವಿರದಲ್ಲಿ ಇದೊಂದು ಬಾಯಿ ತೆರೆದಿರಲಿಲ್ಲ. ಬಿಸಿಲಿಗೆ ಬೆನ್ನು ಒಣಗಿತ್ತು, ಆದರೂ ತೆರೆದಿರಲಿಲ್ಲ.

ಬಚ್ಚನು ಅದನ್ನು ಎರಡು ಕೈಯಲ್ಲಿ ಎತ್ತಿದನು. ಮುಳ್ಳು ಅಂಗೈಗೆ ಇಳಿಯಿತು. ಬಿಡಲಿಲ್ಲ. ಅಳಿವೆಗೆ ಓಡಿ, ಎದೆಮಟ್ಟ ನೀರಿಗೆ ಇಳಿದು, ಹರಿವಿಗೆ ಮುಖಮಾಡಿ ಅದನ್ನು ಹಿಡಿದು ನಿಂತನು. ನದಿಯ ನೀರು ಅದರ ಕಿವಿರಿಗೆ ನುಗ್ಗಲಿ ಎಂದು ಮುಂದೆ ಹಿಂದೆ ಮೆಲ್ಲಗೆ ಆಡಿಸಿದನು. ಕೈ ಊದಿತು. ನೋವು ಮೊಣಕೈಗೆ ಏರಿ, ತೋಳಿಗೆ ಏರಿ, ಕಣ್ಣಿಗೆ ಕತ್ತಲೆ ಬಂದಿತು. ಹೊತ್ತು ನೆತ್ತಿಗೆ ಬಂದಿತು. “ನೀ ತೆರೀಬೇಡ. ನೀ ಒಬ್ಬ ತೆರೀಬೇಡ” ಎಂದು ಅದಕ್ಕೆ ಹೇಳುತ್ತಿದ್ದನು. ಹೆಂಡತಿ ಹೋದ ಮೇಲೆ ಅವನು ಪ್ರೀತಿಯಿಂದ ಆಡಿದ ಮೊದಲ ಮಾತು ಅದು.

ಬಹಳ ಹೊತ್ತಿಗೆ ಮೀನಿನ ಬಾಲ ಒಮ್ಮೆ ಆಡಿತು. ಮತ್ತೊಮ್ಮೆ ಆಡಿತು. ಅವನ ಕೈಯನ್ನು ತಾನೇ ಬಿಟ್ಟು, ಬಾಯಿ ಮುಚ್ಚಿಕೊಂಡೇ, ಬಂಡೆಯ ನೆರಳಿಗೆ ಹೋಗಿ ಕಾಣದಾಯಿತು.

ಅವನು ಹಿಂದಕ್ಕೆ ತಿರುಗಿದರೆ ದಡದಲ್ಲಿ ಪದ್ದಜ್ಜಿ ನಿಂತಿದ್ದಳು. ಸೊಂಟದಲ್ಲಿ ಬಟ್ಟೆಯ ಗಂಟಿನ ಹಾಗೆ ಮಗು ಇತ್ತು.

“ಹೊಟ್ಟೆ ಸೀಳಿ ಕಂಡ್ಯಂಬ್ರು. ಬಾಯಿ ಕಾಂಬುಕೆ ಆಯ್ಲಿಲ್ಯಾ ಮಗಾ?”

“ಗೊತ್ತಿರ್ಲಿಲ್ಲ ಅಜ್ಜಿ.”

“ನಂಗೂ ಗೊತ್ತಿರ್ಲಿಲ್ಲ. ಎಪ್ಪತ್ತು ವರ್ಷ ವ್ರತ ಹಿಡ್ದೆ. ಮರಿ ಹೊರೂದು ಹೆಣ್ಣು ಅಂತಲೇ ನಾನೂ ಎಣಿಸಿದ್ದೆ.” ಅಜ್ಜಿ ದಂಡೆಯ ಕಡೆ ನೋಡಿ ಕಣ್ಣು ಮುಚ್ಚಿದಳು. ಮತ್ತೆ ಹೇಳಿದಳು, “ಕೂಸು ನಿನ್ನೆ ಸಂಜೆಯಿಂದ ಮೊಲೆ ಹಿಡಿಲಿಲ್ಲ. ಆಡಿನ ಹಾಲು ಬಿಟ್ರೂ ನುಂಗ್ತಿಲ್ಲ. ಬಾಯಿ ಮುಚ್ಚಿ ಮಲಗಿತು. ಅಳೂದೂ ಬಿಟ್ಟಿತು. ಇದು ನಿಲ್ಲೂದು ಕಷ್ಟ. ಹೇಳಿ ಹೋಪ ಅಂತ ಬಂದೆ.”

ಬಚ್ಚನು ನೀರಿನಲ್ಲೇ ನಿಂತು ಕೇಳಿದನು. ಕೇಳಿದ್ದು ಒಳಗೆ ಇಳಿಯಲು ಹೊತ್ತು ಹಿಡಿಯಿತು. ಇಳಿದ ಮೇಲೆ ದಡದ ಕಡೆಗೆ ನಾಲ್ಕು ಹೆಜ್ಜೆ ಇಟ್ಟು, “ನಾನು ಎಂತ ಮಾಡ್ಲಿ ಅಜ್ಜಿ?” ಎಂದನು.

ಆಗ ಪದ್ದಜ್ಜಿ ಒಂದು ಮಾತು ಹೇಳಿದಳು. ಅಜ್ಜಿಯ ಬಾಯಲ್ಲಿ ಆಡಿದವಳು ಅಳಿವೆಯಮ್ಮನೇ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಏಕೆಂದರೆ ಅಜ್ಜಿಗೆ ತಾನು ಏನು ಹೇಳಿದೆ ಎಂದು ಆಮೇಲೆ ನೆನಪಿರಲಿಲ್ಲ.

“ಹೆತ್ತವಳು ಹೋದಳು. ನೀ ಎಲ್ಲಿಗೆ ಹೋದೆ? ಇವತ್ತಿನಿಂದ ಹಿಡಿ. ಮಹಾನವಮಿಗೆ ನಿಲ್ಲಿಸಬೇಡ, ತಪ್ಪಿದ ದಿನಗಳನ್ನೂ ಸೇರಿಸಿ ದೀಪಾವಳಿಯ ಬೆಳಗಿನವರೆಗೆ ಹಿಡಿ. ಕೂಸನ್ನು ನೆಲಕ್ಕೆ ಇಳಿಸಬೇಡ. ಅದು ಉಂಡ ಮೇಲೆ ಒಂದು ಹೊತ್ತು ಉಣ್ಣು. ಅದು ಉಣ್ಣದ ದಿನ ನೀನೂ ಉಣ್ಣಬೇಡ. ದಿನ ಮುಗಿಯುವವರೆಗೆ, ಯಾರು ಬೈದರೂ, ಮಾತಿಗೆ ಬಾಯಿ ತೆರೆಯಬೇಡ. ಬಾಯಿ ತೆರೆದ ಅಪ್ಪನ ಮರಿಗಳನ್ನು ಈಗ ಕಂಡೆಯಲ್ಲ.”

ಬಚ್ಚನು ದಡ ಹತ್ತಿ ಬಂದು ಕೈ ಚಾಚಿದನು. ಬಲಗೈ ಊದಿ ಬೆರಳು ಮಡಚುತ್ತಿರಲಿಲ್ಲ. ಎಡಗೈಯಲ್ಲಿ ಮಗುವನ್ನು ತೆಗೆದುಕೊಂಡನು. ಹದಿನೇಳು ದಿನದ ಮಗುವಿನ ಮುಖವನ್ನು ಆಗ ಮೊದಲ ಸಲ ನೆಟ್ಟು ನೋಡಿದನು. ಅಕ್ಕಣಿಯ ಹಣೆ. ತುಟಿ ನೀಲಿಯಾಗಿತ್ತು. ಉಸಿರು ಉಂಟೋ ಇಲ್ಲವೋ ಎಂದು ಕಿವಿ ಇಟ್ಟನು. ಉಂಟು ಎನ್ನುವಷ್ಟು ಇತ್ತು.

ಮನೆಗೆ ಹೋಗಿ, ಅಕ್ಕಣಿಯ ಸೀರೆಯೊಂದನ್ನು ಹರಿದು, ಮಗುವನ್ನು ಎದೆಗೆ ಕಟ್ಟಿಕೊಂಡನು. ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ತುಟಿಗೆ ಮುಟ್ಟಿಸಿದನು. ಹಾಲು ಗಲ್ಲಕ್ಕೆ ಇಳಿಯಿತು. ಒರೆಸಿ ಮತ್ತೆ ಮುಟ್ಟಿಸಿದನು. ಮತ್ತೆ ಇಳಿಯಿತು. ಆ ದಿನ ಪೂರ್ತಿ ಅಷ್ಟೇ. ಅವನು ಉಣ್ಣಲಿಲ್ಲ. ಕಣ್ಣು ಮುಚ್ಚಿದರೆ ಅಂಗೈಯ ಮೇಲಿನ ಎರಡು ಚುಕ್ಕಿ ಕಾಣುತ್ತಿತ್ತು. ಅದಕ್ಕೆ ಮುಚ್ಚಲಿಲ್ಲ. ಎರಡನೆ ದಿನವೂ ಅಷ್ಟೇ. ಉಣ್ಣಲಿಲ್ಲ. ಮೂರನೆ ದಿನ ಬೆಳಿಗ್ಗೆ ಬತ್ತಿ ಮುಟ್ಟಿಸುವಾಗ ಹಾಲು ಗಲ್ಲಕ್ಕೆ ಬರಲಿಲ್ಲ. ಎಲ್ಲಿಗೆ ಹೋಯಿತು ಎಂದು ಹುಡುಕಿದನು. ಮಗುವಿನ ಗಂಟಲು ಒಮ್ಮೆ ಆಡಿತು. ನುಂಗಿತ್ತು.

ಅವನು ಕೂಗಲು ಬಾಯಿ ತೆರೆಯಹೋಗಿ, ನೆನಪಾಗಿ, ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತನು. ಸಂಜೆಗೆ ಸೂರನ ಹೆಂಡತಿ ಬಂದು ಮೊಲೆ ಕೊಟ್ಟರೆ ಮಗು ಹಿಡಿಯಿತು. ಆ ಮೇಲೆ ಬಚ್ಚನು ಒಂದು ಬಟ್ಟಲು ಗಂಜಿ ಉಂಡನು.

ಕಡಲು ಮಾತ್ರ ಬರಿದಾಯಿತು. ದೋಣಿ ಹೋದದ್ದು ಹೋದ ಹಾಗೇ ಬರುತ್ತಿತ್ತು. ಸತ್ತ ಮೀನಿನ ನಾತ ಕೇರಿಯಿಂದ ಹೋಗಲಿಲ್ಲ. ಹಸಿದ ಜನ ಬಚ್ಚನ ಅಂಗಳಕ್ಕೆ ಬಂದು ಬೈದರು. “ತಪ್ಪದ ತಾಂಡೇಲ ಅಂಬ್ರು! ಮೂರು ಹೊಟ್ಟೆ ಸೀಳಿ ನಲವತ್ತು ಹೊಟ್ಟೆ ಒಣಗಿಸಿದ. ಈಗ ಕಾಣಿ, ಮೂಗನ ಹಾಗೆ ಕೂಸು ಕಟ್ಟಿಕಂಡು ಕೂತಿದ. ಬಳೆ ಒಂದು ಕಮ್ಮಿ!” ಅವನು ಬಾಯಿ ತೆರೆಯಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಮಗುವನ್ನು ಎದೆಗೆ ಕಟ್ಟಿಕೊಂಡೇ ಒಬ್ಬನೇ ದಂಡೆಗೆ ಹೋಗಿ, ಗುಂಡಿ ತೋಡಿ, ಸತ್ತ ಮೀನುಗಳನ್ನು ಹೂಳಿದನು. ಹತ್ತು ದಿನ ಹಿಡಿಯಿತು. ಐದನೆ ದಿನ ಸೂರನು ಬಂದು ತಾನೂ ತೋಡಿದನು. ಏಳನೆ ದಿನ ಬೈದವರೂ ಬಂದರು.

ಹೀಗೆ ಬಚ್ಚನು ಮಹಾನವಮಿಯನ್ನು ಕಳೆದು, ತಪ್ಪಿದ ದಿನಗಳನ್ನೂ ತುಂಬಿಸಿ, ಮೈ ಇಳಿದು, ಎಲುಬು ಕಂಡು, ಒಂದು ಮಾತೂ ಆಡದೆ ದೀಪಾವಳಿಯನ್ನು ಮುಟ್ಟಿದನು. ಅವನು ಇಳಿದಷ್ಟು ಮಗು ತುಂಬಿಕೊಂಡಿತ್ತು. ಹಬ್ಬದ ಬೆಳಿಗ್ಗೆ ಮಗುವಿಗೆ ಎಣ್ಣೆ ಹಚ್ಚಿ, ಬಿಸಿನೀರು ಹೊಯ್ದು, ಒಂದು ಹಿಡಿ ಅನ್ನ ಬಾಳೆಲೆಯಲ್ಲಿ ಕಟ್ಟಿ ಅಳಿವೆಗೆ ಹೋದನು. ಕೇರಿಯವರೆಲ್ಲ ಹಿಂದೆ ಬಂದರು. ಯಾರೂ ಕರೆದಿರಲಿಲ್ಲ.

ಸೊಂಟಮಟ್ಟ ನೀರಿನಲ್ಲಿ ನಿಂತು ಅನ್ನ ಬಿಟ್ಟನು. ಬಂಡೆಯ ನೆರಳಿನಿಂದ ಬೆರಳುದ್ದದ ಮರಿಗಳು ಬಂದವು. ಸಣ್ಣ ಮೀಸೆ, ಸಣ್ಣ ಮುಳ್ಳು. ಅವನು ಎಣಿಸಿದನು. ಅರವತ್ತೋ ಎಪ್ಪತ್ತೋ ಇದ್ದವು. ಅಷ್ಟು ಲಕ್ಷದಲ್ಲಿ ಉಳಿದದ್ದು ಅಷ್ಟು. ಅವು ಅನ್ನ ಮುಟ್ಟಿ, ಅವನ ಕಾಲು ಮುಟ್ಟಿ, ಅಳಿವೆ ದಾಟಿ ಕಡಲಿಗೆ ಹೋದವು.

ಆಗ ಪದ್ದಜ್ಜಿ ದಡದಿಂದ ಕೂಗಿದಳು, “ಸಾಕು ಮಗಾ. ಬಾಯಿ ತೆರಿ. ದಿನ ಮುಗೀತು.”

ಬಚ್ಚನು ಬಾಯಿ ತೆರೆದನು. ದನಿ ಬರಲಿಲ್ಲ. ತಿಂಗಳ ಮೇಲಾಗಿತ್ತು. ಮಗುವಿನ ಕಿವಿಯ ಹತ್ತಿರ ತುಟಿ ತಂದು, ಇನ್ನೊಮ್ಮೆ ತೆರೆದನು. ಅಷ್ಟು ದಿನ ಮುಚ್ಚಿದ್ದ ಬಾಯಿಂದ ಹೊರಗೆ ಬಂದದ್ದು ಮಗಳ ಹೆಸರು. “ಸೀತು” ಎಂದನು. ಮೂರು ಸಲ ಎಂದನು. ಮಗು ಆ ಸ್ವರಕ್ಕೆ ಬೆಚ್ಚಿ, ಮುಖ ಕೆಂಪುಮಾಡಿ, ಕೇರಿಗೆಲ್ಲ ಕೇಳುವ ಹಾಗೆ ಅತ್ತಿತು. ಅದು ಅಳುವುದನ್ನು ಕೇಳಿ ದಡದಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಸೂರನು ಮಾತ್ರ ಹೇಳಿದನು, “ಇದು ಬಂಡೆ ಮೇಲೆ ನಿಂತು ಕೂಗೂಕೆ ಆತು. ನನ್ನ ಕೆಲಸ ಹೋಯ್ತು.” ಎಷ್ಟೋ ದಿನಕ್ಕೆ ಕೇರಿ ನಕ್ಕಿತು.

ಆ ವರ್ಷ ಕಡಲು ಗಂಜಿಗೆ ಆಗುವಷ್ಟು ಬೂತಾಯಿ ಕೊಟ್ಟಿತು. ತೇಡೆಯ ಹಿಂಡು ಮರುವರ್ಷ ಬರಲಿಲ್ಲ. ಅದರ ಮರುವರ್ಷವೂ ಬರಲಿಲ್ಲ. ಬಚ್ಚನು ಪ್ರತಿ ವರ್ಷ ವ್ರತ ಹಿಡಿದನು. ಕೇರಿಯ ಗಂಡಸರೂ ಹಿಡಿದರು. ಚೌತಿಯ ಮಾರನೆ ದಿನ ದೀಪ ಹಚ್ಚಿ, ಎಲ್ಲರನ್ನೂ ಕೂರಿಸಿ, ಅವನು ತಾನು ಮಾಡಿದ್ದನ್ನು ತನ್ನ ಬಾಯಿಂದಲೇ ಹೇಳಿದನು. ಬರೀ ಮಾತು ಉಳಿದರೆ ಸಾಲದು, ಕಂಡದ್ದೂ ಉಳಿಯಬೇಕು ಎಂದು ಹೇಳಿದನು. ಏಳನೆ ವರ್ಷ ನೀರು ತುಕ್ಕಿನ ಬಣ್ಣಕ್ಕೆ ತಿರುಗಿತು. ಏಳು ವರ್ಷದ ಸೀತು ಅಪ್ಪನ ಹೆಗಲ ಮೇಲೆ ಕುಳಿತು ಕಂಡಳು. ಮೀನುಗಳು ಬಾಯಿ ಮುಚ್ಚಿ, ಮೆಲ್ಲಗೆ, ಬಹಳ ಮೆಲ್ಲಗೆ ದಡದ ಪಕ್ಕದಲ್ಲಿ ಹಾದು ಹೋದವು. ನಲವತ್ತು ಮನೆಯವರು ಎದ್ದು ನಿಂತರು. ಯಾರೂ ಬಲೆ ಮುಟ್ಟಲಿಲ್ಲ. ಅಲ್ಲಿಂದ ಆ ಕೇರಿಯಲ್ಲಿ ಬಲೆ ಬರಿದಾಗಿ ಬಂದ ವರ್ಷವಿಲ್ಲ.

ಅಕ್ಕಣಿ ಬಂದಳೇ ಎಂದು ಮಕ್ಕಳು ಕೇಳುವುದುಂಟು. ಬರಲಿಲ್ಲ. ಹೋದವರನ್ನು ಈ ವ್ರತ ತಂದುಕೊಡುವುದಿಲ್ಲ. ಕೊಡುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಉಳಿದದ್ದನ್ನು ಉಳಿಸಿಕೊಡುತ್ತದೆ. ಈ ಕಥೆಯನ್ನು ಓದಿದವರಿಗೆ, ಕುಳಿತು ಕೇಳಿದವರಿಗೆ, ಕೇಳಿ ಇನ್ನೊಬ್ಬರಿಗೆ ಹೇಳಿದವರಿಗೆ, ಅಳಿವೆಯಮ್ಮ ಬಚ್ಚನಿಗೆ ಕೊನೆಗೆ ಒಲಿದ ಹಾಗೆ ಒಲಿಯಲಿ. ತಾಯಿಯಿಲ್ಲದ ಮನೆಯಲ್ಲಿ ಹಿಡಿದುಕೊಳ್ಳುವ ಕೈ ಇರಲಿ. ಹಿಡಿದುಕೊಂಡ ಮಗು ಹಾಲು ನುಂಗಲಿ.